ಹೆಸರಿಟ್ಟವರ ದಡ

ಲೂಯಿಸ್‌ವಿಲ್
೧೨ ಅಕ್ಟೋಬರ್ ೨೦೨೫, ಭಾನುವಾರ

ಕಮಲಕ್ಕನಿಗೆ, ಹಾಗೆ ಕರೆಯುವ ಹಕ್ಕು ಇನ್ನೂ ಉಳಿದಿದ್ದರೆ, ಅನುಸೂಯಾಳ ನಮಸ್ಕಾರ.

‘ಹೆಸರ ಇಟ್ಟಾಕಿ ಹೊಳಿ ದಾಟಿ ಹೋದಾಳ’ ಎಂದೇ ಇತ್ತಲ್ಲವೇ ಆ ಸಾಲು? ನಿಮ್ಮ ಅವ್ವ ಜೋಳ ಬೀಸುವಾಗ ಹಾಡುತ್ತಿದ್ದರೆಂದು ನೀವು ಇಲ್ಲಿಯ ಕೆರೆಯ ದಂಡೆಯ ಮೇಲೆ ನಡೆಯುತ್ತ ಹೇಳಿಕೊಟ್ಟದ್ದು. ಎಂಟು ದಿನದಿಂದ ಅದೊಂದೇ ಸಾಲು ತಲೆಯಲ್ಲಿ ಸುತ್ತುತ್ತಿದೆ, ಮುಂದಿನದು ಬರುತ್ತಿಲ್ಲ. ಬಂದಿರುವಷ್ಟರ ಮೇಲೂ ನನಗೆ ನಂಬಿಕೆಯಿಲ್ಲ. ಹೊಳೆ ದಾಟಿ ಹೋದವಳು ಹೆಸರು ಇಟ್ಟವಳೋ, ಹೆಸರು ಹೊತ್ತವಳೋ? ಇಟ್ಟವಳು ಯಾಕೆ ಹೋಗಬೇಕು? ಅವಳಿಗೇನಾಗಿತ್ತು? ಸಾಮಾನ್ಯವಾಗಿ ಊರು ಬಿಟ್ಟು ಹೋಗುವವಳು ಹೊತ್ತವಳೇ. ನೀವೂ ಹಾಗೆಯೇ ಹೋದಿರಿ. ನಾನು ಹದಿಮೂರು ವರ್ಷದಿಂದ ಈ ದಡದಲ್ಲೇ ಇದ್ದೇನೆ.

ಫೋನ್ ಮಾಡಬಹುದಿತ್ತು. ನಿಮ್ಮ ನಂಬರ್ ನನ್ನಲ್ಲಿದೆ, ಬದಲಾಗಿಲ್ಲವೆಂದು ನಿಮ್ಮ ಸೌಂದರ್ಯಾ ಹೇಳಿದಳು. ಆದರೆ ಫೋನಿನಲ್ಲಿ ಮಾತು ಜಾರಿಸುವುದು ನನಗೆ ಸುಲಭ. ಕಾಗದದ ಮೇಲೆ ಅಷ್ಟು ಸುಲಭವಲ್ಲ. ಬರೆದದ್ದನ್ನು ನಾನೇ ಮತ್ತೆ ಓದಬೇಕಾಗುತ್ತದೆ. ಈ ತಿಂಗಳ ಇಪ್ಪತ್ತಾರಕ್ಕೆ ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನ ನಿಮ್ಮ ಮನೆಯಲ್ಲಿ ಸೌಂದರ್ಯಾಳ ಕುಬಸ, ನಮ್ಮ ಕಡೆ ಸೀಮಂತ ಅನ್ನುತ್ತೇವಲ್ಲ, ಅದು. ಅದಕ್ಕೆ ಮೊದಲು ನಿಮಗೆ ಒಂದು ವಿಷಯ ತಲುಪಬೇಕು. ತಲುಪದಿದ್ದರೆ, ಹಸಿರು ಸೀರೆ ಉಟ್ಟು ಕೂತ ಮಗಳ ಉಡಿ ತುಂಬುವಾಗಲೂ ನೀವು ಅವಳ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತೀರಿ. ಹದಿಮೂರು ವರ್ಷದಿಂದ ಹಾಗೆಯೇ ನಡೆದಿದೆ ಎಂದು ನನಗೆ ಹೋದ ವಾರದವರೆಗೆ ಗೊತ್ತಿರಲಿಲ್ಲ. ಇದನ್ನು ನೀವು ನಂಬಬೇಕೆಂದೇನೂ ಇಲ್ಲ.

ಮೊದಲು ನನ್ನ ಸಮಾಚಾರ ಹೇಳಿಬಿಡುತ್ತೇನೆ. ಸುತ್ತಿ ಬಳಸುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಹೌದು, ಸ್ವಲ್ಪ ಧೈರ್ಯ ಕೂಡಿಸಿಕೊಳ್ಳುತ್ತಿದ್ದೇನೆ. ನಮ್ಮ ಯಜಮಾನರು ಮೋಹನರಾಜ ಚೆನ್ನಾಗಿದ್ದಾರೆ. ಮಗಳು ದಿಯಾ ಆಸ್ಟಿನ್‌ನಲ್ಲಿ ಕಾಲೇಜು ಸೇರಿದ್ದಾಳೆ. ಅವಳು ಹೋದ ಮೇಲೆ ಮನೆ ಎಷ್ಟು ಖಾಲಿಯಾಯಿತೆಂದರೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸವನ್ನು ಅರ್ಧಕ್ಕೆ ಇಳಿಸಿಕೊಂಡು ನಾನೂ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಲವತ್ತೆಂಟು ವರ್ಷದ ವಿದ್ಯಾರ್ಥಿನಿ. ಕ್ಲಾಸಿನ ಹುಡುಗರು ಮೊದಲ ದಿನ ನನ್ನನ್ನು ಪ್ರೊಫೆಸರ್ ಎಂದು ತಿಳಿದು ಮಾತು ನಿಲ್ಲಿಸಿ ನೆಟ್ಟಗೆ ಕೂತರು.

ನನ್ನ ಪ್ರಬಂಧದ ವಿಷಯ ಕೇಳಿದರೆ ನೀವು ನಗುತ್ತೀರಿ. ಇಟಲಿಯ ಬೇರೆ ಬೇರೆ ಸೀಮೆಯ ಜನರಿಗೆ, ಅವರ ಆಡುನುಡಿಗಳಿಗೆ ಇಂಗ್ಲಿಷಿನಲ್ಲಿ ಹೆಸರು ಹೇಗೆ ಬಂತು ಎನ್ನುವುದು. ಮೋಹನರಾಜ ಕೇಳಿದರು, ‘ಅಲ್ವೇ, ಮೈಸೂರಲ್ಲಿ ಹುಟ್ಟಿ, ಟೆಕ್ಸಸ್‌ನಲ್ಲಿ ಕೂತು, ಇಟಲಿಯವರ ಹೆಸರು ಇಂಗ್ಲಿಷಲ್ಲಿ ಹುಡುಕ್ತೀಯಾ? ನಡುವೆ ಇನ್ನೊಂದು ದೇಶ ಇದ್ರೆ ಅದನ್ನೂ ಸೇರಿಸ್ಕೋ.’ ಪ್ರೊಫೆಸರ್ ಕೊಟ್ಟ ಪಟ್ಟಿಯಲ್ಲಿ ಅದೊಂದು ಉಳಿದಿತ್ತು, ತೆಗೆದುಕೊಂಡೆ. ಅದು ನನ್ನನ್ನು ಹುಡುಕಿಕೊಂಡು ಬಂದ ವಿಷಯ ಎಂದು ಆಗ ಗೊತ್ತಾಗಲಿಲ್ಲ.

ಕೆಲಸ ಹೀಗೆ. ಒಂದೊಂದು ಹೆಸರಿಗೆ ಒಂದೊಂದು ಚೀಟಿ. ಆ ಹೆಸರು ಇಂಗ್ಲಿಷ್ ಬರಹದಲ್ಲಿ ಮೊದಲು ಕಾಣಿಸಿದ್ದು ಯಾವಾಗ, ಯಾವ ಭಾಷೆಯ ಮೂಲಕ ಬಂತು, ಬರೆದವರು ಯಾರು. ಚೀಟಿಯ ಕೊನೆಗೆ ನಮ್ಮ ಪ್ರೊಫೆಸರ್ ಇನ್ನೊಂದು ಸಾಲು ಸೇರಿಸಿದ್ದಾರೆ: ಹೆಸರು ಯಾರ ಮೇಲೆ ಬಿತ್ತೋ ಅವರನ್ನು ಯಾರಾದರೂ ಕೇಳಿದ್ದರೇ? ಆ ಸಾಲಿನ ಮುಂದೆ ನಾನು ಇದುವರೆಗೆ ತುಂಬಿದ ಉತ್ತರ ಹೆಚ್ಚು ಕಡಿಮೆ ಒಂದೇ. ಇಲ್ಲ.

ಉತ್ತರ ಇಟಲಿಯ ಒಂದು ಸೀಮೆಯವರ ಲೊಂಬಾರ್ಡ್ ಎಂಬ ಹೆಸರು ಫ್ರೆಂಚರ ಬಾಯಿಂದ ಇಂಗ್ಲಿಷಿಗೆ ಬಂತು. ಲಂಡನ್ನಿನಲ್ಲಿ ಸಾಲ ಕೊಡುತ್ತಿದ್ದ ಇಟಲಿಯವರು ಯಾವ ಊರಿನವರೇ ಆಗಿರಲಿ, ಜನ ಅವರಿಗೆ ಅದೇ ಹೆಸರು ಹಚ್ಚಿದರು. ಕೊನೆಗೆ ಆ ಪದಕ್ಕೆ ಸಾಲ ಕೊಡುವವನು ಎನ್ನುವುದೇ ಅರ್ಥವಾಗಿ ನಿಂತಿತು. ನೇಪಲ್ಸ್ ಎಂಬ ಊರಿನ ಹೆಸರು ಫ್ರೆಂಚಿನ ಬಾಗಿಲಿಂದ ಬಂದರೆ, ಅಲ್ಲಿಯ ಜನರ ಹೆಸರು ಲ್ಯಾಟಿನ್ನಿನ ಬಾಗಿಲಿಂದ ಬಂತು, ನಿಯಾಪೊಲಿಟನ್. ಊರು ಮತ್ತು ಊರಿನವರು ಒಟ್ಟಿಗೆ ಕೂಡ ಬರಲಿಲ್ಲ ನೋಡಿ. ಜಿನೋವಾದವರನ್ನು, ಮಿಲಾನಿನವರನ್ನು ವ್ಯಾಪಾರಿಗಳೂ ರಾಯಭಾರಿಗಳೂ ಕರೆದುಕೊಂಡು ಬಂದರು. ಅವರ ಮಾತುಗಳಿಗೆ ಹೆಸರು ಬಂದದ್ದು ಇನ್ನೂ ತಡವಾಗಿ. ಕೆಲವಕ್ಕಂತೂ ಪಂಡಿತರು ನಕ್ಷೆ ಬರೆಯಲು ಕೂತಾಗ. ಅಲ್ಲಿಯವರೆಗೆ ಆ ಜನ ಏನೂ ಹೆಸರಿಲ್ಲದ ಭಾಷೆಯಲ್ಲಿ ಮಕ್ಕಳನ್ನು ಬೈದು, ಹಸುವನ್ನು ಕರೆದು, ಹಾಡಿ, ಸತ್ತಿದ್ದರು.

ಇದಾದ ಮೇಲೆ ಇನ್ನೂ ಒಂದು ಸಂಗತಿ ಇದೆ. ಹೆಸರು ಬಂದ ಮೇಲೆ ಜನ ಮರೆಯಾಗುತ್ತಾರೆ, ವಸ್ತು ಉಳಿಯುತ್ತದೆ. ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಕಿಟಕಿಗೆ ಇಳಿಬಿಟ್ಟಿದ್ದ ಪಟ್ಟಿ ಪಟ್ಟಿಯ ಪರದೆ ನೆನಪಿದೆಯೇ, ಎಳೆದರೆ ಒಂದು ಕಡೆ ಮಾತ್ರ ಮೇಲೆ ಹೋಗುತ್ತಿದ್ದದ್ದು? ಅದು ವೆನಿಸ್ಸಿನವರ ಹೆಸರಿನದು, ವೆನೀಶಿಯನ್ ಬ್ಲೈಂಡ್. ಬೊಲೋನ್ಯೀಸ್ ಎಂದರೆ ಇಲ್ಲಿ ಯಾರಿಗೂ ಬೊಲೋನ್ಯಾದ ಮನುಷ್ಯ ನೆನಪಾಗುವುದಿಲ್ಲ, ನೂಡಲ್ ಮೇಲೆ ಹಾಕುವ ಮಾಂಸದ ಗೊಜ್ಜು ನೆನಪಾಗುತ್ತದೆ. ನಿಯಾಪೊಲಿಟನ್ ಎಂದರೆ ಮೂರು ಬಣ್ಣದ ಐಸ್‌ಕ್ರೀಮ್ ಡಬ್ಬಿ.

ನಮ್ಮ ಪಕ್ಕದ ಮನೆಯಲ್ಲಿ ರೋಸಾಲಿ ಎಂಬ ಹೆಂಗಸಿದ್ದಾರೆ, ಎಂಬತ್ತೆರಡು ವರ್ಷ. ಅವರ ಅಜ್ಜ ಅಜ್ಜಿ ಸಿಸಿಲಿಯಿಂದ ಬಂದು ಬ್ರಾಜೋಸ್ ನದಿಯ ಕಡೆ ಹತ್ತಿ ಬೆಳೆದವರು. ನನ್ನ ಚೀಟಿಗಳ ವಿಷಯ ಹೇಳಿದಾಗ ಅವರು ನಕ್ಕರು. ತಮ್ಮ ಅಜ್ಜಿ ತಾನು ಸಿಸಿಲಿಯವಳು ಎನ್ನುವುದನ್ನೇ ಟೆಕ್ಸಸ್‌ಗೆ ಬಂದು ಕಲಿತಳಂತೆ. ಅದಕ್ಕೆ ಮೊದಲು ತನ್ನ ಊರಿನ ಗಡಿಯಾಚೆ ಇದ್ದವರೆಲ್ಲ ಅವಳಿಗೆ ಪರದೇಶಿಗಳು. ಆ ಅಜ್ಜಿ ಕೊನೆಯ ವಾರ ಆಸ್ಪತ್ರೆಯಲ್ಲಿ ಇಂಗ್ಲಿಷನ್ನೆಲ್ಲ ಮರೆತು ಬರೀ ತನ್ನ ಮಾತಿನಲ್ಲೇ ಏನೋ ಕೇಳುತ್ತಿದ್ದಳಂತೆ. ಹಾಸಿಗೆಯ ಸುತ್ತ ಹದಿನಾಲ್ಕು ಜನ ನಿಂತಿದ್ದರು, ಒಬ್ಬರಿಗೂ ಗೊತ್ತಾಗಲಿಲ್ಲ. ‘ನೀರು ಕೇಳಿದಳೋ, ಪಾದ್ರಿಯನ್ನು ಕೇಳಿದಳೋ. ಹೆಸರು ನಮ್ಮ ಹತ್ತಿರ ಇನ್ನೂ ಇದೆ ಡಿಯರ್, ಪ್ರತಿ ವರ್ಷ ಆ ಹೆಸರಲ್ಲೇ ಊಟಕ್ಕೆ ಸೇರ್ತೀವಿ. ಮಾತು ಯಾರಿಗೂ ಬರಲ್ಲ’ ಎಂದರು. ಅದನ್ನು ನನ್ನ ನೋಟ್ಸಿನಲ್ಲಿ ಬರೆದುಕೊಂಡೆ. ಒಳ್ಳೆಯ ಉದಾಹರಣೆ ಸಿಕ್ಕಿತು ಎಂದು ಸಂತೋಷವೂ ಆಯಿತು. ನಾಚಿಕೆ ಆಗಬೇಕಿತ್ತು. ಅದು ಆಗಲಿಕ್ಕೆ ಇನ್ನೂ ಒಂದು ತಿಂಗಳು ಬೇಕಾಯಿತು.

ಹೋದ ಶನಿವಾರಕ್ಕೆ ಹಿಂದಿನ ಶನಿವಾರ, ನಾಲ್ಕನೆಯ ತಾರೀಕು, ದಿಯಾಳನ್ನು ನೋಡಲು ಆಸ್ಟಿನ್‌ಗೆ ಹೋಗಿದ್ದೆ. ಸೌಂದರ್ಯಾ ಮೆಸೇಜ್ ಮಾಡಿದ್ದಳು, ಸಿಗಬೇಕು ಆಂಟಿ ಎಂದು. ದ ಡೊಮೇನ್ ಎಂಬ ಅಂಗಡಿಬೀದಿಯಲ್ಲಿ ಅವಳ ಆಫೀಸಿನ ಕೆಳಗೆ, ಮರದ ನೆರಳಿನ ಬೆಂಚಿನ ಮೇಲೆ ಕೂತೆವು. ಏಳು ತಿಂಗಳ ಹೊಟ್ಟೆ. ನಿಮ್ಮ ಹಾಗೆಯೇ ನಡೆಯುತ್ತಾಳೆ, ಒಂದು ಕೈ ಸೊಂಟಕ್ಕೆ ಕೊಟ್ಟು, ಎದುರಿಗೆ ಬಂದವರು ಪಕ್ಕಕ್ಕೆ ಸರಿಯಲಿ ಎನ್ನುವ ಹಾಗೆ. ಅವಳು ಹೆಚ್ಚು ಇಂಗ್ಲಿಷಿನಲ್ಲೇ ಮಾತಾಡಿದಳು, ನಡುನಡುವೆ ಕನ್ನಡ. ಆ ಕನ್ನಡ ನನ್ನ ಕನ್ನಡ, ಕಮಲಕ್ಕ. ನಿಮ್ಮದಲ್ಲ. ಲೂಯಿಸ್‌ವಿಲ್‌ನ ಕನ್ನಡ ತರಗತಿಯಲ್ಲಿ ನಾನು ತಿದ್ದಿ ತಿದ್ದಿ ಕಲಿಸಿದ ಕನ್ನಡ.

ನಾನು ಮಾತಿಗೆ ಮಾತು ಹುಡುಕುತ್ತ ನನ್ನ ಓದಿನ ವಿಷಯ ಹೇಳಿದೆ. ಅವಳು ಕೇಳಿದಳು, ‘ಅಂದ್ರೆ ಒಂದಿಡೀ ಊರು ಐಸ್‌ಕ್ರೀಮ್ ಆಗೋಯ್ತಾ ಆಂಟಿ?’

‘ಹಾಗೇ ಅನ್ಕೋ.’

‘ನಮ್ಮಮ್ಮ ರೊಟ್ಟಿ ಆದ ಹಾಗೆ’ ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಹೇಳಿದಳು. ಆಮೇಲೆ ಉಳಿದದ್ದನ್ನೂ ಹೇಳಿದಳು. ನೀವು ಆ ನಾಟಕದ ದಿನದಿಂದ ಅವಳ ಜೊತೆ ಕನ್ನಡ ಆಡಿಲ್ಲ. ಹುಟ್ಟಿದಹಬ್ಬಕ್ಕೆ, ಜ್ವರ ಬಂದಾಗ, ಶಶಿಕಾಂತನ ಜೊತೆ ಮದುವೆಯ ಮಂಟಪದಲ್ಲಿ, ಎಲ್ಲ ಕಡೆ ಇಂಗ್ಲಿಷ್. ಬಾಗಲಕೋಟೆಗೆ ಫೋನ್ ಮಾಡಿದಾಗ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡುತ್ತೀರಿ. ಅವಳು ಹೈಸ್ಕೂಲಿನಲ್ಲಿದ್ದಾಗ ಆ ಬಾಗಿಲಿಗೆ ಕಿವಿ ಹಚ್ಚಿ ಕೂರುತ್ತಿದ್ದಳಂತೆ. ಈಗ ಹೊಟ್ಟೆಯಲ್ಲಿರುವ ಮಗುವಿಗೆ ನಿಮ್ಮ ಮಾತು ಕೇಳಿಸಬೇಕು ಎಂದು ಕೇಳಿದ್ದಕ್ಕೆ ನೀವು ‘ಲೆಟ್ ಇಟ್ ಬಿ. ಯುವರ್ ಬೇಬಿ ಆಲ್ಸೋ ವಿಲ್ ಲಾಫ್’ ಎಂದಿರಂತೆ.

‘ಅಮ್ಮ ಅದನ್ನ ನಾನೇ ಬರೆದೆ ಅನ್ಕೊಂಡಿದ್ದಾಳೆ ಆಂಟಿ. ನಾನು ಕಾಪಿ ಮಾಡಿದ್ದು ಅಷ್ಟೇ. ನೀವು ಹೇಳ್ತೀರಿ ಅಂತ ಕಾದೆ’ ಎಂದಳು.

‘ನೀನೇ ಯಾಕೆ ಹೇಳಲಿಲ್ಲ?’ ಎಂದು ಕೇಳಿದೆ. ನೋಡಿ, ಆಗಲೂ ನಾನು ಕೇಳಿದ್ದು ಅದನ್ನೇ.

‘ಪ್ರಾಮಿಸ್ ಮಾಡಿಸ್ಕೊಂಡಿದ್ರಿ’ ಎಂದಳು.

ಈಗ ಬರೆಯುತ್ತೇನೆ. ೨೦೧೨ರ ರಾಜ್ಯೋತ್ಸವದ ನಾಟಕವನ್ನು ಬರೆದವಳು ನಾನು. ರೊಟ್ಟಿ ಟೀಚರ್ ಎಂಬ ಪಾತ್ರ ನನ್ನದು, ಆ ಹೆಸರು ನನ್ನದು. ಮಕ್ಕಳದಲ್ಲ, ಸೌಂದರ್ಯಾಳದಲ್ಲ.

ನಾವಿಬ್ಬರೂ ಕಲಿಸುತ್ತಿದ್ದ ತರಗತಿಯ ಪದ್ಧತಿ ನಿಮಗೆ ಗೊತ್ತಲ್ಲ. ನಾಟಕವನ್ನು ನಾವು ಪೆನ್ಸಿಲಿನಲ್ಲಿ ಗೀಚಿ ಕೊಡುವುದು, ಅಕ್ಷರ ಚೆನ್ನಾಗಿರುವ ಮಗು ಅದನ್ನು ದುಂಡಗೆ ಬರೆದು ಪ್ರತಿ ಮಾಡುವುದು. ಬರೆಯುತ್ತ ಬರೆಯುತ್ತ ಕನ್ನಡ ಕೂರಲಿ ಎಂದು. ಆ ವರ್ಷ ಅಕ್ಷರ ಚೆನ್ನಾಗಿದ್ದದ್ದು ಸೌಂದರ್ಯಾಳದು. ಅದನ್ನು ದುಂಡಗೆ ಮಾಡಿದವರು ನೀವು, ಅವಳ ಕೈ ಹಿಡಿದು, ಅಡುಗೆಮನೆಯ ಟೇಬಲ್ಲಿನ ಮೇಲೆ. ನಾನು ಅವಳಿಗೆ ನಾಲ್ಕು ಹಾಳೆ ಕೊಟ್ಟು, ‘ಅಮ್ಮನಿಗೆ ಹೇಳ್ಬೇಡ, ಸರ್‌ಪ್ರೈಸ್’ ಎಂದೆ. ಅವಳು ಹದಿನಾಲ್ಕು ವರ್ಷದವಳು. ಓದಿ ನಕ್ಕಳು. ‘ಅಮ್ಮ ಸೇಮ್ ಹಿಂಗೇ ಮಾತಾಡ್ತಾಳೆ’ ಎಂದಳು. ಅವಳ ನಗುವಿನಲ್ಲಿ ಹೆಮ್ಮೆ ಇತ್ತು, ಕಮಲಕ್ಕ. ತನ್ನ ಅಮ್ಮನನ್ನು ವೇದಿಕೆಯ ಮೇಲೆ ಇಡುತ್ತಿದ್ದಾರೆ ಎಂದುಕೊಂಡಿದ್ದಳು. ಪಾತ್ರವನ್ನು ತಾನೇ ಮಾಡುತ್ತೇನೆ ಎಂದು ಹಟ ಹಿಡಿದದ್ದೂ ಅದಕ್ಕೇ. ನಿಮ್ಮ ಪೆಟ್ಟಿಗೆಯಿಂದ ಇಳಕಲ್ ಸೀರೆ ತಂದದ್ದೂ ಅದಕ್ಕೇ.

ಮಧ್ಯಾಹ್ನದ ಕಾರ್ಯಕ್ರಮ. ಶಾಲೆಯ ಸಭಾಂಗಣದಲ್ಲಿ ಮುನ್ನೂರು ಜನ. ಪುಟ್ಟ ಮಕ್ಕಳಿಗೆ ಪೇಟ ಕಟ್ಟುತ್ತ ನೀವು ಪರದೆಯ ಹಿಂದೆ ಇದ್ದಿರಿ, ಬಾಯಲ್ಲಿ ಸೇಫ್ಟಿ ಪಿನ್ನು. ಸೌಂದರ್ಯಾ ಎರಡೂ ಕೈಯಿಂದ ಗಾಳಿಯಲ್ಲಿ ರೊಟ್ಟಿ ಬಡಿಯುತ್ತ ಬಂದಳು. ‘ಕೂಡ್ರಿ, ಯಾಕ ಒದರತೀರಿ, ನಿಮ್ಮ ಅಆಇಈ ಎಲ್ಲೆ ಹೋತು’ ಎಂದಳು. ಜನ ನಕ್ಕರು. ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ತಮಾಷೆಯಾಗಿ ಮುಗಿಯುತ್ತಿತ್ತೇನೋ. ನಾನು ನಿಲ್ಲಿಸಿರಲಿಲ್ಲ. ಮುಂದಿನ ದೃಶ್ಯದಲ್ಲಿ ರೊಟ್ಟಿ ಟೀಚರ್ ಕನ್ನಡಿಯ ಮುಂದೆ ನಿಂತು ‘ಎಕ್ಸ್‌ಕ್ಯೂಸ್ ಮೀ’, ‘ನೋ ಥ್ಯಾಂಕ್ಯೂ’ ಎಂದು ಹತ್ತು ಸಲ ಹೇಳಿ ಅಭ್ಯಾಸ ಮಾಡುತ್ತಾಳೆ. ಆಮೇಲೆ ಅಂಗಡಿಗೆ ಹೋಗಿ, ಎಲ್ಲ ಮರೆತು, ಬ್ರೆಡ್ಡಿನ ಕಡೆ ಬೆರಳು ತೋರಿಸಿ ನಿಲ್ಲುತ್ತಾಳೆ. ಸಭಾಂಗಣ ಹಾರಿಹೋಗುವಷ್ಟು ನಗು ಬಂತು. ನಾನೂ ನಕ್ಕೆ. ಮೊದಲ ಸಾಲಿನಲ್ಲಿ ಕೂತಿದ್ದೆ.

ನಾಟಕ ಮುಗಿದ ಮೇಲೆ ನೀವು ಹಾಳೆಗಳನ್ನು ಕೈಯಲ್ಲಿ ಹಿಡಿದು ಬಂದಿರಿ. ಸೌಂದರ್ಯಾ ಪಕ್ಕದಲ್ಲೇ ಇದ್ದಳು, ಇನ್ನೂ ನಿಮ್ಮ ಸೀರೆಯಲ್ಲೇ. ನೀವು ಅವಳನ್ನು ನೋಡಲಿಲ್ಲ. ನನ್ನನ್ನು ಕೇಳಿದಿರಿ. ‘ಅನು, ಯಾರ ಬರದಾರ ಇದನ್ನ?’

ನಾನು ಹೇಳಿದೆ, ‘ಮಕ್ಕಳೇ ಸೇರ್ಕೊಂಡು ಏನೋ ಮಾಡಿದಾರೆ ಕಮಲಕ್ಕ. ನಾನೂ ಸರಿಯಾಗಿ ನೋಡಿರಲಿಲ್ಲ.’

ನೀವು ಇನ್ನೊಂದು ಸಲ ಕೇಳಿದಿರಿ. ‘ನೀ ಹೇಳು, ಅನು.’

ನಾನು ಮತ್ತೆ ಅದನ್ನೇ ಹೇಳಿದೆ. ಸೌಂದರ್ಯಾ ನನ್ನ ಮುಖ ನೋಡಿದಳು. ನಾನು ಅವಳ ಭುಜದ ಮೇಲೆ ಕೈ ಇಟ್ಟೆ, ಸಮಾಧಾನ ಮಾಡುವವಳ ಹಾಗೆ. ಆ ಕೈ ಅವಳ ಬಾಯಿ ಮುಚ್ಚಿತು. ಪೆನ್ಸಿಲಿನ ಹಾಳೆಗಳು ನನ್ನ ಕೈಚೀಲದಲ್ಲಿದ್ದವು. ಮನೆಗೆ ಬಂದು ಹರಿದು ಹಾಕಿದೆ.

ನೀವು ಹಾಳೆಗಳನ್ನು ಮಡಚಿ ನನ್ನ ಕೈಗೆ ಕೊಟ್ಟು, ‘ನಗಲಿ ಬಿಡು, ಮಕ್ಕಳಲ್ಲ’ ಎಂದು ಹೋಗಿ ಊಟ ಬಡಿಸಲು ನಿಂತಿರಿ. ಮುಂದಿನ ಭಾನುವಾರ ತರಗತಿಗೆ ಬರಲಿಲ್ಲ. ಬೇಸಿಗೆಯಲ್ಲಿ ಹ್ಯೂಸ್ಟನ್ ಕಡೆ ಶಿಫ್ಟ್ ಆದಿರಿ. ನಿಮ್ಮ ಯಜಮಾನರು ಶಿವಪುತ್ರಪ್ಪಣ್ಣನ ವ್ಯಾಪಾರಕ್ಕೆ ಅಲ್ಲಿ ಅನುಕೂಲ ಎಂದು ಎಲ್ಲರಿಗೂ ಹೇಳಿದಿರಿ. ನಿಮ್ಮ ಸಾಮಾನಿನ ಲಾರಿಗಿಂತ ಮೊದಲು ಹೆಸರು ಅಲ್ಲಿಗೆ ಹೋಗಿ ಮುಟ್ಟಿತ್ತು. ಯಾರೋ ವಿಡಿಯೋ ಕಳಿಸಿದ್ದರು. ಅಲ್ಲಿಯ ಮೊದಲ ಯುಗಾದಿಗೆ ನೀವು ಹೋದಾಗ ಬಾಗಿಲಲ್ಲೇ ಒಬ್ಬರು ‘ಓ, ರೊಟ್ಟಿ ಟೀಚರ್ ಬಂದ್ರು’ ಎಂದರಂತೆ. ಇದನ್ನು ನನಗೆ ಹೇಳಿದ ಅಲ್ಲಿಯ ಗೆಳತಿ ನಳಿನಿ, ‘ಎಷ್ಟು ಪ್ರೀತಿಯಿಂದ ಕರೀತಾರೆ ನೋಡು’ ಎಂದಳು. ನಾನು ಹೌದು ಎಂದೆ. ಆ ಮೇಲೆ ನೀವು ಯಾವ ಕಾರ್ಯಕ್ರಮಕ್ಕೂ ಹೋಗಲಿಲ್ಲವೆಂದು ಕೇಳಿದೆ.

ಯಾಕೆ ಬರೆದೆ? ತಮಾಷೆಗೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಬೆಂಗಳೂರಿನ ಕೆಲವು ತಂದೆತಾಯಿ, ಮಕ್ಕಳು ನಿಮ್ಮ ಹಾಗೆ ಮಾತಾಡುತ್ತಿದ್ದಾರೆ, ಸರಿಯಾದ ಕನ್ನಡ ಕಲಿಸಿ ಎಂದು ದೂರಿದ್ದರು. ಅವರಿಗೆ ಸಮಾಧಾನ ಆಗಲಿ ಎಂದೂ ಹೇಳಿಕೊಂಡೆ. ಎರಡೂ ನಿಜವಲ್ಲ.

ನಾನು ಕೆಲಸಕ್ಕೆ ಹೋದಾಗ ದಿಯಾ ನಿಮ್ಮ ಮನೆಯಲ್ಲಿರುತ್ತಿದ್ದಳು. ಐದು ವರ್ಷದ ಹುಡುಗಿ. ಒಂದು ಸಂಜೆ ಕರೆತರಲು ಬಂದೆ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಹಿಟ್ಟಿನ ಉಂಡೆ ತಟ್ಟುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ನಿಮ್ಮ ಕಡೆ ತಿರುಗಿ, ‘ಅವ್ವಾ, ಅಮ್ಮ ಬಂದಾಳ. ಇನ್ನ ಸ್ವಲ್ಪ ಇರತೀನಿ’ ಎಂದಳು. ನೀವು ನಕ್ಕು, ‘ಏ ಹುಚ್ಚಿ, ನಾ ನಿನಗ ದೊಡ್ಡವ್ವ ಆಗಬೇಕು, ಅವ್ವ ಅಲ್ಲ’ ಎಂದಿರಿ. ನಾನೂ ನಕ್ಕೆ. ಕಾರಿನಲ್ಲಿ ಕೂತ ಮೇಲೆ ದಾರಿಯುದ್ದಕ್ಕೂ ಅವಳ ಕಡೆ ತಿರುಗಿ ನೋಡಲಿಲ್ಲ. ನನ್ನ ಮಗಳು ನನ್ನ ಜೊತೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನಿಮ್ಮ ಜೊತೆ ಕನ್ನಡದಲ್ಲಿ ಹಟ ಮಾಡುತ್ತಿದ್ದಳು. ಪದ್ಯ ಓದಿಕೊಂಡವಳು ನಾನು, ವ್ಯಾಕರಣ ಬಲ್ಲವಳು ನಾನು, ತರಗತಿ ಶುರು ಮಾಡಿದವಳು ನಾನು. ಮಗು ಭಾಷೆ ಹೆಕ್ಕಿದ್ದು ನಿಮ್ಮ ಅಡುಗೆಮನೆಯ ನೆಲದಿಂದ. ಅದಾದ ವಾರ ನಾಟಕ ಬರೆದೆ.

ಇಷ್ಟು ಬರೆದ ಮೇಲೆ ಕ್ಷಮೆ ಕೇಳಿ ಮುಗಿಸಬಹುದು ಎಂದುಕೊಂಡಿದ್ದೆ. ಆದರೆ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬರುವಾಗ, ವೇಕೋ ದಾಟಿದ ಮೇಲೆ, ಇನ್ನೊಂದು ವಿಷಯ ಹೊಳೆಯಿತು. ಕಾರನ್ನು ಹೆದ್ದಾರಿಯಿಂದ ಇಳಿಸಿ ಒಂದು ಪೆಟ್ರೋಲ್ ಬಂಕಿನಲ್ಲಿ ಅರ್ಧ ಗಂಟೆ ಕೂತೆ.

ಕನ್ನಡಿಯ ಕಥೆಯನ್ನು ನೀವು ನನಗೆ ಮಾತ್ರ ಹೇಳಿದ್ದಿರಿ. ಕೆರೆಯ ದಂಡೆಯ ಮೇಲೆ, ನಾನು ಹೊಸ ಆಫೀಸಿನಲ್ಲಿ ಮೀಟಿಂಗಿನ ನಡುವೆ ಮಾತು ತೊದಲಿ ಅವಮಾನವಾಗಿ ಅತ್ತ ದಿನ. ಸಮಾಧಾನಕ್ಕೆಂದು ಹೇಳಿದಿರಿ. ‘ನಾ ಬಂದ ಹೊಸದಾಗ ಬಾತ್‌ರೂಮಿನ ಕನ್ನಡಿ ಮುಂದ ನಿಂತು ಎಕ್ಸ್‌ಕ್ಯೂಸ್ ಮೀ ಅಂದ್ ಅಂದ್ ನೋಡಕೋತಿದ್ನಿ. ಅಂಗಡಿಯೊಳಗ ಹೋದ ಕೂಡ್ಲೆ ನಾಲಿಗಿ ಮನಿಗೆ ಓಡಿ ಹೋಗತಿತ್ತು. ಇವರಿಗೂ ಹೇಳಿಲ್ಲ, ಸೌಂದರ್ಯಾಗೂ ಗೊತ್ತಿಲ್ಲ. ನಕ್ಕೀಗಿಕ್ಕೀಯ ಮತ್ತ’ ಎಂದಿರಿ. ಇಬ್ಬರೂ ನಕ್ಕೆವು. ನನ್ನ ಅಳು ನಿಂತಿತು.

ಸೌಂದರ್ಯಾಗೆ ಗೊತ್ತಿಲ್ಲದ್ದನ್ನು ಸೌಂದರ್ಯಾ ಹೇಗೆ ಬರೆಯುತ್ತಾಳೆ? ಅಂದರೆ ‘ಯಾರ ಬರದಾರ’ ಎಂದು ಕೇಳಿದಾಗ ನಿಮಗೆ ಗೊತ್ತಿತ್ತು. ನೀವು ಕೇಳಿದ್ದು ಉತ್ತರಕ್ಕಾಗಿ ಅಲ್ಲ. ಎರಡು ಸಲ ನನಗೆ ಬಾಗಿಲು ತೆಗೆದು ನಿಂತಿರಿ, ಎರಡು ಸಲವೂ ನಾನು ಒಂದು ಮಗುವನ್ನು ಮುಂದೆ ತಳ್ಳಿ ಹಿಂದೆ ಉಳಿದೆ. ಹದಿಮೂರು ವರ್ಷದಿಂದ ನಾನು ಮುಚ್ಚಿಟ್ಟದ್ದು ನಿಮ್ಮಿಂದಲ್ಲ. ಮುಚ್ಚಿಡಲು ಏನೂ ಇರಲಿಲ್ಲ.

ಹಾಗಾದರೆ ಮಗಳ ಜೊತೆ ಮಾತು ಬಿಟ್ಟದ್ದು ಯಾಕೆ? ಇದನ್ನು ನಾನು ಊಹಿಸಬಾರದು. ನಿಮ್ಮ ಬಗ್ಗೆ ಮನಸ್ಸಿಗೆ ಬಂದದ್ದನ್ನು ಬರೆದೇ ಇಷ್ಟೆಲ್ಲ ಆದದ್ದು. ಆದರೂ ಒಂದು ಮಾತು. ಅವಳ ಮೇಲೆ ಸಿಟ್ಟಿನಿಂದ ಅಲ್ಲ ಎನ್ನಿಸುತ್ತದೆ. ಎಲ್ಲರಿಗಿಂತ ಹತ್ತಿರದವಳು ಎಂದುಕೊಂಡವಳ ಹತ್ತಿರ ಆಡಿದ ಮಾತು ಮುನ್ನೂರು ಜನರ ಮುಂದೆ ಬಂದು ಕುಣಿದ ಮೇಲೆ, ಇನ್ನು ಮಗಳ ಹತ್ತಿರವೂ ಆ ಮಾತು ಆಡುವುದು ಬೇಡ ಎನ್ನಿಸಿರಬೇಕು. ತಪ್ಪಾಗಿದ್ದರೆ ಬೈಯಿರಿ. ಆದರೆ ನೀವು ತನ್ನನ್ನೇ ಅಪರಾಧಿ ಎಂದು ತಿಳಿದಿದ್ದೀರಿ ಎಂದುಕೊಂಡು ಸೌಂದರ್ಯಾ ಬೆಳೆದಿದ್ದಾಳೆ. ಅದನ್ನು ಅವಳು ನಿಮ್ಮನ್ನು ಕೇಳುವುದಿಲ್ಲ. ನನಗೆ ಕೊಟ್ಟ ಮಾತಿಗೆ ಕಟ್ಟುಬಿದ್ದಿದ್ದಾಳೆ, ಹುಚ್ಚು ಹುಡುಗಿ. ಬೆಂಚಿನಿಂದ ಏಳುವ ಮೊದಲು ಆ ಮಾತನ್ನು ನಾನು ವಾಪಸ್ ತೆಗೆದುಕೊಂಡೆ. ಅವಳು, ‘ನೀವು ಹೇಳಿ ಆಂಟಿ. ನಾನು ಹೇಳಿದ್ರೆ ಅಮ್ಮನಿಗೆ ಇಂಗ್ಲಿಷಲ್ಲಿ ಹೇಳ್ಬೇಕಾಗತ್ತೆ’ ಎಂದಳು.

ನಾನು ಕುಬಸಕ್ಕೆ ಬರುವುದಿಲ್ಲ. ಕರೆದಿಲ್ಲ, ಕರೆಯಬೇಕೆಂದು ಕೇಳುತ್ತಲೂ ಇಲ್ಲ. ಕ್ಷಮಿಸಿದ್ದೇನೆ ಎಂದು ನೀವು ಹೇಳುವುದೂ ಬೇಡ. ಅವಳಿಗೆ ಬಳೆ ತೊಡಿಸುವಾಗ, ಉಡಿ ತುಂಬುವಾಗ, ನಿಮ್ಮ ಮಾತಿನಲ್ಲಿ ಏನಾದರೂ ಅನ್ನಿ. ಬೈದರೂ ಸರಿ. ‘ಯಾಕ ಹಿಂಗ ಸೊರಗೀದಿ’ ಎಂದರೂ ಸಾಕು. ಅವಳು ನಗುವುದಿಲ್ಲ. ನಕ್ಕರೂ, ಆ ನಗು ಮೊದಲಿನಿಂದಲೂ ಬೇರೆಯೇ ಆಗಿತ್ತು.

ನನ್ನ ಚೀಟಿಗಳ ಪೆಟ್ಟಿಗೆಯಲ್ಲಿ ಇಟಲಿಯವರ ನಡುವೆ ಇನ್ನೊಂದು ಚೀಟಿ ಸೇರಿಸಿದ್ದೇನೆ. ಹೆಸರು, ಮೊದಲು ಕಾಣಿಸಿದ ವರ್ಷ, ಬರೆದವಳು, ಎಲ್ಲ ತುಂಬಿದ್ದೇನೆ. ಕೊನೆಯ ಸಾಲನ್ನೂ. ಪ್ರೊಫೆಸರ್ ನೋಡಿದರೆ ಇದು ಯಾವ ಸೀಮೆಯ ಜನ ಎಂದು ಕೇಳುತ್ತಾರೆ.

ಹಾಡಿನ ಮುಂದಿನ ಸಾಲು ನೆನಪಾದರೆ, ನನಗೆ ಬೇಡ, ಸೌಂದರ್ಯಾಗೆ ಹೇಳಿಕೊಡಿ.

ನೀವು ಒಂದು ಕಾಲಕ್ಕೆ ತಂಗಿ ಎಂದು ಕರೆದವಳು,
ಅನುಸೂಯಾ

ಮತ್ತೆ ಬರೆದದ್ದು, ಸೋಮವಾರ ಬೆಳಿಗ್ಗೆ: ಲಕೋಟೆ ಅಂಟಿಸಿ ಅಂಚೆ ಡಬ್ಬಿಗೆ ಹಾಕಲು ಹೊರಟಿದ್ದೆ. ಮತ್ತೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ; ಈಗಲೇ ಹೊರಟರೆ ಮಧ್ಯಾಹ್ನಕ್ಕೆ ಫುಲ್‌ಶೀರ್ ಮುಟ್ಟಬಹುದು. ನೀವು ಬಾಗಿಲು ತೆಗೆಯದಿದ್ದರೆ ಹೊಸ್ತಿಲ ಮೇಲೆ ಇಟ್ಟು ಬರುತ್ತೇನೆ. ಕಾರಿನ ಕೀಲಿ ಹುಡುಕುತ್ತಿದ್ದಾಗ ರೋಸಾಲಿ ಬಂದು ಬಾಗಿಲು ತಟ್ಟಿದರು. ಅವರ ಕೈಯಲ್ಲಿ ಕಾಗದದ ಒಂದು ಪುಟ್ಟ ಪೊಟ್ಟಣ, ಮಡಿಕೆಯ ಸಂದಿಯಿಂದ ಕುಂಕುಮ ಉದುರಿ ಅವರ ಬೆರಳೆಲ್ಲ ಕೆಂಪಾಗಿತ್ತು. ‘ಮೊನ್ನೆ ಶನಿವಾರವೇ ಕೊಡಬೇಕಿತ್ತು ಡಿಯರ್, ಮಗಳ ಮನೆಗೆ ಹೋಗೋ ಗಡಿಬಿಡಿಯಲ್ಲಿ ಮರೆತೆ’ ಎಂದರು. ‘ನೀನು ಲೈಬ್ರರಿಗೆ ಹೋಗಿದ್ದಾಗ ಸೀರೆ ಉಟ್ಟ ಒಬ್ಬಳು ಬಂದಿದ್ದಳು, ಹ್ಯೂಸ್ಟನ್ನಿಂದ. ಇದು ಅವಳು ಕೊಟ್ಟು ಹೋದದ್ದು. ಬೆಲ್ ಮಾಡಿದಳು, ಕಾದಳು. ಆಮೇಲೆ ಮುಚ್ಚಿದ ಬಾಗಿಲ ಮುಂದೆಯೇ ನಿಂತು ಏನೋ ಮಾತಾಡಿದಳು, ಬಹಳ ಹೊತ್ತು. ಬೈದಳೋ ಕರೆದಳೋ, ನನಗೆ ಒಂದಕ್ಷರ ತಿಳಿಯಲಿಲ್ಲ. ಇಂಗ್ಲಿಷಲ್ಲಿ ಹೇಳು, ಅವಳಿಗೆ ತಿಳಿಸ್ತೀನಿ ಅಂದೆ. ಬೇಡ, ಅದು ಇಂಗ್ಲಿಷಿಗೆ ಬರಲ್ಲ ಅಂದಳು.’